‘ನನ್ನ ಕಡೆ ಮುಗೀತು’ ಅನ್ನುವವರಿಗೂ, ಅವರನ್ನು ತಯಾರು ಮಾಡುವ ಕ್ಲಬ್‌ಗಳಿಗೂ ಒಂದು ಬಹಿರಂಗ ಪತ್ರ

ಗೆ,
ನಮ್ಮ ರಾಜ್ಯದ ಹವ್ಯಾಸಿ ರೇಡಿಯೋ ಕ್ಲಬ್‌ಗಳ ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಪರೀಕ್ಷೆಗೆ ಪಾಠ ಹೇಳುವ ಹಿರಿಯರಿಗೆ,

ವಿಷಯ: ಎಫ್‌ಟಿ8 ಅನ್ನುವ ರೇಡಿಯೋ ಸಂದೇಶ ವಿಧಾನದಲ್ಲಿ ಮಾತು ಮುಗಿಸುವ ರೀತಿಯ ಬಗ್ಗೆ.

ಮಾನ್ಯರೇ,

ನಮಸ್ಕಾರ. ನಾನು ಸಕಲೇಶಪುರದ ಕಡೆಯ ಒಬ್ಬ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದವನು. ಎರಡು ಸಿಲ್ವರ್ ಮರಗಳ ನಡುವೆ ಎಳೆದು ಕಟ್ಟಿದ ಡೈಪೋಲ್ ಆಂಟೆನಾ, 100 ವಾಟಿನ ಹಳೇ ರಿಗ್ (ರೇಡಿಯೋ ಯಂತ್ರ), ಮಗ ಬಿಟ್ಟುಹೋದ ಲ್ಯಾಪ್‌ಟಾಪ್. ನನ್ನ ಶ್ಯಾಕ್, ಅಂದರೆ ರೇಡಿಯೋ ಕೋಣೆ, ಇಷ್ಟೇ. ಇದು ಯಾರ ಮೇಲೂ ದೂರಲ್ಲ ಅಂತ ಶುರು ಮಾಡಬಹುದಿತ್ತು. ಆದರೆ ಇದು ದೂರೇ. ಹೆಸರು, ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗುವ ಗುರುತು) ಮಾತ್ರ ಬರೆಯುವುದಿಲ್ಲ. ಸಂಬಂಧಪಟ್ಟವರಿಗೆ ಓದಿದ ಕೂಡಲೇ ಗೊತ್ತಾಗುತ್ತದೆ, ಅಷ್ಟು ಸಾಕು.

ನಮ್ಮ ಬೀದಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳಿದ್ದಾಳೆ. ಪರೀಕ್ಷೆ ಪಾಸಾಗಿ, ತಿಂಗಳುಗಟ್ಟಲೆ ಕಾದು, ಲೈಸೆನ್ಸ್ ಕೈಗೆ ಬಂತು. ವಿಯು3 ಅಂತ ಶುರುವಾಗುವ ಹೊಚ್ಚ ಹೊಸ ಕಾಲ್‌ಸೈನ್. ಕಳೆದ ಕಾರ್ತಿಕ ಮಾಸದ ಒಂದು ಸಂಜೆ ನನ್ನ ಮನೆಗೆ ಬಂದು ರಿಗ್ ಮುಂದೆ ಕೂತಳು. 40 ಮೀಟರ್ ಬ್ಯಾಂಡು, 7.074 ಮೆಗಾಹರ್ಟ್ಸ್. ಪರದೆಯ ಮೇಲೆ ಸಾಲು ಸಾಲಾಗಿ ಡಿಕೋಡ್, ಅಂದರೆ ಕಂಪ್ಯೂಟರ್ ಓದಿದ ಸಂದೇಶಗಳು, ಬೀಳುತ್ತಿದ್ದವು. ಅದರಲ್ಲಿ ನಮ್ಮ ದೇಶದ್ದೇ ಒಂದು ಹಳೇ ಸ್ಟೇಷನ್ ಸಿಕ್ಯೂ, ಅಂದರೆ ‘ಯಾರಾದರೂ ಮಾತಾಡಿ’ ಅಂತ, ಕೂಗುತ್ತಿತ್ತು. "ಸರ್, ಇವರನ್ನ ಕರೀಲಾ?" ಅಂದಳು. ಕರಿ ಅಂದೆ.

ಎರಡು ಸಲ ಕ್ಲಿಕ್ ಮಾಡಿದಳು. ಅವಳ ಕಾಲ್‌ಸೈನೂ ಭೂಪಟದಲ್ಲಿ ನಮ್ಮ ಚೌಕದ ಗುರುತು ಎಂಕೆ72ವೂ ಹೋಯಿತು. ಆ ಕಡೆಯಿಂದ ಮೈನಸ್ 11 ಅಂತ ರಿಪೋರ್ಟ್, ಅಂದರೆ ನಮ್ಮ ಸಿಗ್ನಲ್ ಎಷ್ಟು ಬಲವಾಗಿ ಸಿಕ್ಕಿತು ಅನ್ನುವ ಅಂಕಿ, ಬಂತು. ಹುಡುಗಿ ಕುರ್ಚಿಯಲ್ಲಿ ಕೂತಲ್ಲೇ ಒಂದು ಸಣ್ಣ ಕುಣಿತ ಕುಣಿದಳು. ಇವಳ ಕಡೆಯಿಂದ ಆರ್ ಮೈನಸ್ 07 ಹೋಯಿತು. ಅಂದರೆ ‘ನಿಮ್ಮ ರಿಪೋರ್ಟ್ ಸಿಕ್ಕಿತು, ನಿಮ್ಮದು ಇಷ್ಟು’ ಅಂತ.

ಆಮೇಲೆ ಏನೂ ಬರಲಿಲ್ಲ. ಕಾಡಾನೆ ಕಾಟಕ್ಕೆ ಪಕ್ಕದ ತೋಟದವರು ಸೋಲಾರ್ ಬೇಲಿ ಹಾಕಿಸಿದ್ದಾರೆ. ಕತ್ತಲಾಗುತ್ತಿದ್ದ ಹಾಗೆ ಅದರ ಟಿಕ್ ಟಿಕ್ ಸದ್ದು ರಿಸೀವರಿಗೆ ಹತ್ತುತ್ತದೆ. ಸಿಗ್ನಲ್‌ಗಳನ್ನು ತೋರಿಸುವ ವಾಟರ್‌ಫಾಲ್ ಚಿತ್ರದ ತುಂಬ ಅಡ್ಡ ಗೆರೆ. ಆ ಕಡೆಯವರು ಆರ್‌ಆರ್73, ಅಂದರೆ ‘ಸಿಕ್ಕಿತು, ಬರ್ತೀನಿ’ ಅನ್ನುವ ಗುರುತು, ಕಳಿಸಿದ್ದರಂತೆ, ಒಂದೇ ಸಲ. ಅದು ಆ ಗೆರೆಗಳ ನಡುವೆ ಎಲ್ಲೋ ಹೋಯಿತು. ಇವಳು ಆರ್ ಮೈನಸ್ 07 ಮತ್ತೆ ಕಳಿಸಿದಳು. ಮತ್ತೊಮ್ಮೆ. ಇನ್ನೊಮ್ಮೆ. ನಾಲ್ಕನೇ ಸಲಕ್ಕೆ ಪರದೆಯಲ್ಲಿ ಅದೇ ಸ್ಟೇಷನ್ನು ಬೇರೆ ಯಾರಿಗೋ ರಿಪೋರ್ಟ್ ಕೊಡುತ್ತಿರುವುದು ಕಾಣಿಸಿತು.

"ಸರ್, ಆಯ್ತಾ? ಆಗಿಲ್ವಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಲಾಗ್ ಮಾಡಬೇಡ, ಅಂದರೆ ದಾಖಲೆಯಲ್ಲಿ ಬರೆಯಬೇಡ, ಅಂದೆ. ನಿಯಮ ಅದೇ ತಾನೇ?

ಹತ್ತು ದಿನ ಬಿಟ್ಟು ಹ್ಯಾಮ್‌ಗಳ ವಾಟ್ಸಾಪ್ ಗುಂಪೊಂದರಲ್ಲಿ ಆ ಸ್ಟೇಷನ್ನಿನ ಹಿರಿಯರ ಮೆಸೇಜು ಬಂತು. ಹೊಸಬರು ಕ್ಯೂಎಸ್‌ಓ (ಇಬ್ಬರು ಹ್ಯಾಮ್‌ಗಳ ರೇಡಿಯೋ ಸಂಪರ್ಕ) ಮಾಡುತ್ತಾರೆ, ಲಾಗ್ ಅಪ್‌ಲೋಡ್ ಮಾಡಲ್ಲ, ಪದ್ಧತಿ ಗೊತ್ತಿಲ್ಲ ಅಂತ. ಕೆಳಗೆ ನಾಲ್ಕಾರು ಮಂದಿಯ ಹೆಬ್ಬೆರಳು. ನಾನು ಫೋನ್ ಮಾಡಿದೆ. ಆ ಹುಡುಗಿಯ ಆರ್ ಮೈನಸ್ 07 ನಿಮಗೆ ಮತ್ತೆ ಮತ್ತೆ ಬರುತ್ತಿತ್ತಾ ಅಂತ ಕೇಳಿದೆ. "ಬರ್ತಿತ್ತು. ಆದ್ರೆ ನಾನು ಆರ್‌ಆರ್73 ಕೊಟ್ಟಾಗಿತ್ತಲ್ಲ. ನನ್ನ ಕಡೆ ಮುಗೀತು" ಅಂದರು. ಕೆಟ್ಟ ಮನುಷ್ಯರೇನಲ್ಲ. ಅವರಿಗೆ ನಿಜವಾಗಲೂ ಹಾಗೇ ಅನ್ನಿಸಿತ್ತು.

ಆ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಒಂದು ಕಡೆಯಲ್ಲಿ ಮಾತ್ರ ಮುಗಿಯುವ ಕ್ಯೂಎಸ್‌ಓ ಅಂತ ಇದೆಯೇ? ಅದನ್ನು ಕೇಳಲಿಕ್ಕೇ ಈ ಪತ್ರ.

ಈ ಹವ್ಯಾಸದ ಪರಿಚಯ ಇಲ್ಲದವರೂ ಇದನ್ನು ಓದಬಹುದು. ಅವರಿಗಾಗಿ ಎರಡು ಮಾತು. ಎಫ್‌ಟಿ8 ಅನ್ನುವುದು ರೇಡಿಯೋದಲ್ಲಿ ಕಂಪ್ಯೂಟರ್ ಮೂಲಕ ಪುಟಾಣಿ ಸಂದೇಶ ಕಳಿಸುವ ವಿಧಾನ. 2017ರಲ್ಲಿ ಬಂತು. ಹೆಸರಿನಲ್ಲಿರುವ ಎಫ್ ಮತ್ತು ಟಿ ಇದನ್ನು ರೂಪಿಸಿದ ಸ್ಟೀವ್ ಫ್ರಾಂಕೆ ಮತ್ತು ಜೋ ಟೇಲರ್ ಅವರದ್ದು. ಇನ್ನೊಂದು ನಕ್ಷತ್ರದ ಜೊತೆ ಜೋಡಿಯಾಗಿ ಸುತ್ತುವ ಪಲ್ಸಾರನ್ನು ಕಂಡುಹಿಡಿದದ್ದಕ್ಕೆ 1993ರ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ಟೇಲರ್ ಇವರೇ. 15 ಸೆಕೆಂಡಿಗೊಂದು ಸರದಿ. ಅದರಲ್ಲಿ 12.64 ಸೆಕೆಂಡು ಸಿಗ್ನಲ್ ಹೋಗುತ್ತದೆ, ಆಮೇಲೆ ಸುಮ್ಮನಿರಬೇಕು. ಒಂದು ಸರದಿ ನಿನ್ನದು, ಮುಂದಿನದು ನನ್ನದು. ಕಿವಿಗೆ ಕೇಳಿಸದಷ್ಟು ಕ್ಷೀಣ ಸಿಗ್ನಲ್ಲನ್ನೂ ಪ್ರೋಗ್ರಾಮು ಹೆಕ್ಕಿ ತೆಗೆಯುತ್ತದೆ. ಹಾಗಾಗಿ ಮಲೆನಾಡಿನ ಮೂಲೆಯಲ್ಲಿ ಒಂದು ತಂತಿ ಕಟ್ಟಿಕೊಂಡವನಿಗೂ ಬ್ರೆಜಿಲ್ ಸಿಗುತ್ತದೆ. ಅದಕ್ಕೇ ಇಷ್ಟು ಜನ ಇದಕ್ಕೆ ಬಿದ್ದಿದ್ದು.

ಸಂದೇಶದಲ್ಲಿ ಜಾಗ ಬಹಳ ಕಡಿಮೆ. ಎಲ್ಲಾ ಸೇರಿ 77 ಬಿಟ್. ನಮ್ಮದೇ ಪದ ಬರೆಯುತ್ತೇವೆ ಅಂದರೆ ಹೆಚ್ಚೆಂದರೆ 13 ಅಕ್ಷರ. ಇಂಥ ಜಿಪುಣ ಜಾಗದಲ್ಲಿ ಮುಕ್ತಾಯಕ್ಕೆ ಇರುವುದು ಮೂರೇ ಗುರುತು: ಆರ್‌ಆರ್‌ಆರ್, ಆರ್‌ಆರ್73, ಮತ್ತು ಬರೀ 73. ನಮ್ಮ ಜಗಳವೆಲ್ಲ ಈ ಮೂರರ ಮೇಲೇ.

ಆರ್ ಅಂದರೆ ‘ನಿನ್ನದು ಪೂರ್ತಿ ಸಿಕ್ಕಿತು’. ಅದು ರಸೀದಿ. 73 ಅಂದರೆ ‘ಬರ್ತೀನಿ, ಚೆನ್ನಾಗಿರಿ’. ಅದು ನಮಸ್ಕಾರ. ರಸೀದಿ ಬೇರೆ, ನಮಸ್ಕಾರ ಬೇರೆ. ಕ್ಯೂಎಸ್‌ಓ ಪೂರ್ತಿಯಾಗಲು ಬೇಕಾದ್ದು ರಸೀದಿ: ಇಬ್ಬರ ಕಾಲ್‌ಸೈನು, ಇಬ್ಬರ ರಿಪೋರ್ಟು, ಇಬ್ಬರಿಗೂ ಸಿಕ್ಕಿತು ಅನ್ನುವ ಖಾತ್ರಿ. ನಮಸ್ಕಾರ ಇಲ್ಲದಿದ್ದರೂ ಕ್ಯೂಎಸ್‌ಓ ಆಗುತ್ತದೆ. ರಸೀದಿ ಇಲ್ಲದಿದ್ದರೆ ಆಗುವುದಿಲ್ಲ. ಆರ್‌ಆರ್73 ಅನ್ನುವುದು ರಸೀದಿ ಕೊಡುತ್ತಾ ಕೊಡುತ್ತಾ ಚಪ್ಪಲಿ ಮೆಟ್ಟಿಕೊಳ್ಳುವ ಗುರುತು. ತಪ್ಪೇನಿಲ್ಲ. ಆದರೆ ರಸೀದಿ ಎದುರಿನವರ ಕೈಗೆ ಹೋಯಿತೋ, ಗಾಳಿಗೆ ಹಾರಿತೋ ಅಂತ ತಿರುಗಿ ನೋಡಬೇಕು, ಅಲ್ವಾ?

ಈ ಮಾತು ನನ್ನ ಮನೆ ಕಾನೂನಲ್ಲ. ಜೋ ಟೇಲರ್ ಬಳಗದವರು ಕೊಡುವ ಡಬ್ಲ್ಯುಎಸ್‌ಜೆಟಿ-ಎಕ್ಸ್ ಪ್ರೋಗ್ರಾಮಿನ ಕೈಪಿಡಿಯಲ್ಲೇ ಇದೆ. ಸಂದೇಶ ಮತ್ತೆ ಕಳಿಸಬೇಕಾಗಿ ಬರುವುದಿಲ್ಲ ಅಂತ ಸಾಕಷ್ಟು ಭರವಸೆ ಇದ್ದಾಗ ಮಾತ್ರ ಆರ್‌ಆರ್73 ಆರಿಸಿಕೊಳ್ಳಿ ಅಂತ. ನಾಲ್ಕನೇ ಸಂದೇಶದ ಗುಂಡಿಯ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅದು ಆರ್‌ಆರ್‌ಆರ್ ಆಗುತ್ತದೆ, ಮತ್ತೆ ಮಾಡಿದರೆ ಆರ್‌ಆರ್73. ಈ ಗುಂಡಿಗೆ ಹೀಗೊಂದು ಗುಣ ಇದೆ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನಾನೂ ಎರಡು ವರ್ಷ ಅದನ್ನು ಮುಟ್ಟಿರಲಿಲ್ಲ.

ಇನ್ನು ಉಳಿತಾಯದ ಲೆಕ್ಕ ನೋಡಿ. ಆರ್‌ಆರ್‌ಆರ್ ಕಳಿಸಿದರೆ ಆ ಕಡೆಯಿಂದ 73 ಬರುತ್ತದೆ, ನಾವೂ ಒಂದು 73 ಹೇಳುತ್ತೇವೆ. ಆರ್‌ಆರ್73 ಕಳಿಸಿದರೆ ನಮ್ಮ ಆ ಕೊನೆಯ ಸರದಿ ಉಳಿಯುತ್ತದೆ. ಒಟ್ಟು ಉಳಿದದ್ದು 15 ಸೆಕೆಂಡ್. ಕಾಂಟೆಸ್ಟ್ ದಿನ, ಅಥವಾ ಅಪರೂಪದ ದ್ವೀಪದಿಂದ ಮಾತಾಡುವವರಿಗೆ, ಈ 15 ಸೆಕೆಂಡು ಚಿನ್ನವೇ. ಮಂಗಳವಾರ ಸಂಜೆ ಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತವರಿಗೆ ಎಲ್ಲಿಗೆ ಹೋಗಬೇಕಿತ್ತು?

73ರ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಇದು ರೇಡಿಯೋ ಹುಟ್ಟುವ ಮೊದಲೇ ಹುಟ್ಟಿದ್ದು. ಅಮೆರಿಕದ ಟೆಲಿಗ್ರಾಫ್ ಆಪರೇಟರುಗಳು ತಂತಿಯ ಮೇಲೆ ಕೈ ಉಳಿಸಲು ಅಂಕಿ ಬಳಸುತ್ತಿದ್ದರು. 1857ರ ಹೊತ್ತಿಗೇ ಅವರ ಪತ್ರಿಕೆಯೊಂದರಲ್ಲಿ 73 ಅಂದರೆ ‘ನಿನಗೆ ನನ್ನ ಪ್ರೀತಿ’ ಅಂತಿತ್ತು. 1859ರಲ್ಲಿ ವೆಸ್ಟರ್ನ್ ಯೂನಿಯನ್ ಕಂಪನಿ 92 ಕೋಡ್ ಅನ್ನುವ ಪಟ್ಟಿ ಮಾಡಿತು. ಅದರಲ್ಲಿ ಆ ಪ್ರೀತಿ ಸ್ವಲ್ಪ ಗಂಭೀರವಾಗಿ ‘ನನ್ನ ವಂದನೆಗಳನ್ನು ಸ್ವೀಕರಿಸಿ’ ಅಂತಾಯಿತು. ಈಗ ‘ಶುಭಾಶಯ’ ಅನ್ನುವ ಅರ್ಥದಲ್ಲಿ ನಿಂತಿದೆ. ಸುದ್ದಿಯ ಕೊನೆಗೆ ಹಾಕುತ್ತಿದ್ದ 30, ಅಂದರೆ ‘ಇನ್ನೇನಿಲ್ಲ’, ಅದೇ ಕಾಲದ್ದು. ನಮ್ಮೂರ ಅಂಚೆ ಕಚೇರಿಯಲ್ಲೂ ಇಂಥದ್ದೇ ಒಂದು ಪಟ್ಟಿ ತೂಗುಹಾಕಿತ್ತು. ಮದುವೆಗೆ ಒಂದು ನಂಬರು, ದೀಪಾವಳಿಗೆ ಒಂದು ನಂಬರು. ಫಾರಂನಲ್ಲಿ ಅಂಕಿ ಬರೆದುಕೊಟ್ಟರೆ ಆ ಕಡೆ ಪೂರ್ತಿ ಶುಭಾಶಯದ ವಾಕ್ಯ ಇಳಿಯುತ್ತಿತ್ತು. 2013ರ ಜುಲೈನಲ್ಲಿ ಟೆಲಿಗ್ರಾಂ ನಿಂತಿತು, ಆ ನಂಬರುಗಳೂ ಹೋದವು. 73 ಮಾತ್ರ ಉಳಿದುಕೊಂಡಿದೆ. (73 ಅನ್ನುವುದೇ ಬಹುವಚನ. ಅದಕ್ಕೆ ಇನ್ನೊಂದು ‘ಎಸ್’ ಅಂಟಿಸುವವರನ್ನು ಕಂಡರೆ ನಮ್ಮ ಹಳೇ ಮೋರ್ಸ್ ಜನಕ್ಕೆ ಮೈಯೆಲ್ಲ ಉರಿಯುತ್ತದೆ. ನನಗೂ ಸ್ವಲ್ಪ.)

ನಮ್ಮ ಮನೆಗಳಲ್ಲಿ ‘ಹೋಗ್ತೀನಿ’ ಅಂತ ಹೇಳಿ ಯಾರೂ ಹೊರಡುವುದಿಲ್ಲ. ‘ಬರ್ತೀನಿ’ ಅನ್ನುತ್ತೇವೆ. ಹಾಗೆ ಹೇಳದೆ ಎದ್ದು ಹೋದವನ ಬಗ್ಗೆ ಅಜ್ಜಿಯಂದಿರು ಏನು ಅಂದುಕೊಳ್ಳುತ್ತಿದ್ದರು ಅಂತ ನಿಮಗೆ ಹೇಳಬೇಕಿಲ್ಲ. ಮೋರ್ಸ್ ಕಾಲದಲ್ಲಿ ಈ ‘ಬರ್ತೀನಿ’ಗೆ ಪೂರ್ತಿ ಶಾಸ್ತ್ರವೇ ಇತ್ತು. 73 ಹೇಳಿ, ‘ಮುಗಿಯಿತು’ ಅನ್ನುವ ಎಸ್‌ಕೆ ಹೊಡೆದು, ಕೊನೆಗೆ ಎರಡು ಚುಕ್ಕಿ. ಡಿಟ್ ಡಿಟ್. ಆ ಕಡೆಯಿಂದಲೂ ಡಿಟ್ ಡಿಟ್. ಆ ಎರಡು ಚುಕ್ಕಿಯಲ್ಲೇ ಕೈ ಯಾರದು ಅಂತ ಗೊತ್ತಾಗುತ್ತಿತ್ತು. ಎಫ್‌ಟಿ8ನಲ್ಲಿ ಅದನ್ನು ನಿರೀಕ್ಷಿಸುವುದು ತಪ್ಪು. ಅಲ್ಲಿ 73 ಕಳಿಸುವುದು ಪ್ರೋಗ್ರಾಮು, ನಾನಲ್ಲ. ಅಷ್ಟು ಗೊತ್ತಿದೆ ನನಗೆ. ‘ಡಿಜಿಟಲ್ ಬಂತು, ಮರ್ಯಾದೆ ಹೋಯ್ತು’ ಅಂತ ಅಳುವ ಹಿರಿಯರ ಸಾಲಿಗೆ ನನ್ನನ್ನು ಸೇರಿಸಬೇಡಿ.

ಯಾಕೆಂದರೆ ಮಾತು ಮುಗಿಸಲು ಬಾರದಿರುವುದು ಹಳೇ ಕಾಯಿಲೆ. ಪೀಟರ್ ಮಾರ್ಟಿನೆಜ್ ಅವರ ಪಿಎಸ್‌ಕೆ31 1998ರಲ್ಲಿ ಬಂತು. ಕೀಬೋರ್ಡಿನಲ್ಲಿ ಹರಟೆ ಹೊಡೆಯಲು ಅಷ್ಟು ಚಂದದ ಮೋಡ್ ಇನ್ನೊಂದಿಲ್ಲ. ಅಲ್ಲಿ ನಾವು ಮಾಡಿದ್ದೇನು? ರಿಗ್ಗು, ಆಂಟೆನಾ, ಅದರ ಎತ್ತರ, ಕಂಪ್ಯೂಟರಿನ ರ‍್ಯಾಮು, ಸಾಕುನಾಯಿಯ ಹೆಸರು, ಎಲ್ಲವನ್ನೂ ಒಂದೊಂದು ಗುಂಡಿಗೆ ತುಂಬಿಸಿಟ್ಟು ಎದುರಿನವರ ಮೇಲೆ ಸುರಿದೆವು. ಮುಗಿಸುವಾಗ ಐದು ಸಾಲು ಶುಭಾಶಯ. ಮದುವೆ ಮನೆ ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ಅರ್ಧ ಗಂಟೆ ಮಾತಾಡುವ ನೆಂಟರ ಹಾಗೆ. ಎಫ್‌ಟಿ8ನಲ್ಲೂ ಈ ಜಾತಿಯವರಿದ್ದಾರೆ. ಇವರು 73 ಅಂದರೆ ಅವರು 73, ಅವರು ಅಂದರೆ ಇವರು ಮತ್ತೆ 73. ಒಂದು 73 ಬಂದ ಮೇಲೆ ಸುಮ್ಮನಾದರೆ ಯಾರಿಗೂ ಅವಮಾನವಲ್ಲ.

ನನ್ನ ತಪ್ಪೂ ಒಂದು ಇದೆ, ಹೇಳಿಬಿಡುತ್ತೇನೆ. ಶುರುವಿನಲ್ಲಿ ಸೌಂಡ್ ಕಾರ್ಡಿನ ಲೆವೆಲ್ಲನ್ನು ಕೊನೇ ತನಕ ಏರಿಸಿ ಕೂತಿದ್ದೆ. ಜಾಸ್ತಿ ಇದ್ದರೆ ಜಾಸ್ತಿ ದೂರ ಅಂತ ಲೆಕ್ಕ. 600 ಹರ್ಟ್ಸ್‌ನಲ್ಲಿ ಕಳಿಸಿದರೆ 1200ರಲ್ಲಿ ಒಂದು, 1800ರಲ್ಲಿ ಒಂದು ನನ್ನದೇ ಭೂತ. ವಾಟರ್‌ಫಾಲ್ ಮೇಲೆ ಮೂರು ಮಂದಿಯ ಜಾಗ ಒಬ್ಬನೇ ತಿನ್ನುತ್ತಿದ್ದೆ. ಮಹಾರಾಷ್ಟ್ರದ ಕಡೆಯ ಹ್ಯಾಮ್ ಒಬ್ಬರು ತಮ್ಮ ಪರದೆಯ ಫೋಟೋ ತೆಗೆದು ನನಗೊಬ್ಬನಿಗೇ ಮೇಲ್ ಮಾಡಿದರು. ಲೆವೆಲ್ ಇಳಿಸಿ, ಲೆವೆಲ್ ಮಿತಿ ಮೀರಿದ್ದನ್ನು ತೋರಿಸುವ ಎಎಲ್‌ಸಿ ಮುಳ್ಳು ಏಳದ ಹಾಗೆ ನೋಡಿಕೊಳ್ಳಿ, ಪ್ರೋಗ್ರಾಮಿನಲ್ಲಿ ಸ್ಪ್ಲಿಟ್ ಆನ್ ಮಾಡಿ, ಆಗ ಆಡಿಯೋ ಯಾವಾಗಲೂ 1500ರ ಮೇಲೇ ಇರುತ್ತದೆ, ಭೂತಗಳು ರಿಗ್ಗಿನ ಫಿಲ್ಟರ್ ದಾಟುವುದಿಲ್ಲ ಅಂತ. ನಾಲ್ಕೇ ಸಾಲು. ಗುಂಪಿನಲ್ಲಿ ಹಾಕಿ ನಗೆಪಾಟಲು ಮಾಡಲಿಲ್ಲ. ಇವತ್ತಿಗೂ ಅವರ ಸಿಗ್ನಲ್ ಕಂಡರೆ ಕೈ ತಾನಾಗಿ ಮೌಸ್‌ಗೆ ಹೋಗುತ್ತದೆ.

ಗಡಿಯಾರ, ಪವರ್ರು, ಸರದಿಯ ವಿಷಯಗಳನ್ನು ಉದ್ದ ಎಳೆಯುವುದಿಲ್ಲ. ಕಂಪ್ಯೂಟರಿನ ಸಮಯ ಒಂದು ಸೆಕೆಂಡಿಗಿಂತ ಜಾಸ್ತಿ ತಪ್ಪಿದರೆ ನಿಮ್ಮನ್ನು ಓದುವುದು ಕಷ್ಟವಾಗುತ್ತದೆ. 20 ವಾಟಿನಲ್ಲಿ ಆಗುವ ಕೆಲಸಕ್ಕೆ 100 ವಾಟು ಬೇಡ. ಒಂದೇ ಊರಿನ ಇಬ್ಬರು ಎದುರು ಬದುರು ಸರದಿಯಲ್ಲಿ ಕಳಿಸಿದರೆ ಒಬ್ಬರ ಕಿವಿ ಇನ್ನೊಬ್ಬರು ಕಿವುಡು ಮಾಡುತ್ತಾರೆ. ಇವೆಲ್ಲ ನಿಮಗೆ ಗೊತ್ತಿರುವುದೇ.

ಇನ್ನೊಂದು ದೂರು ಮಾತ್ರ ಗಟ್ಟಿಯಾಗಿ ಹೇಳಬೇಕು. ಮನುಷ್ಯನೇ ಇಲ್ಲದ ಸ್ಟೇಷನ್ನುಗಳು. ಮೂಲ ಪ್ರೋಗ್ರಾಮಿನಲ್ಲಿ ಒಂದು ಕ್ಯೂಎಸ್‌ಓ ಮುಗಿದ ಮೇಲೆ ಮುಂದಿನದಕ್ಕೆ ನಾವೇ ಗುಂಡಿ ಒತ್ತಬೇಕು. ಉತ್ತರವಿಲ್ಲದೆ ಕೂಗುತ್ತಲೇ ಇದ್ದರೆ ಕೆಲವೇ ನಿಮಿಷದಲ್ಲಿ ಅದೇ ಬಾಯಿ ಮುಚ್ಚಿಸುವ ಕಾವಲೂ ಇದೆ. ಬೇಕೆಂದೇ ಹಾಗೆ ಇಟ್ಟಿದ್ದಾರೆ, ಆಪರೇಟರು ಕುರ್ಚಿಯಲ್ಲಿ ಇರಲಿ ಅಂತ. ಇದನ್ನೆಲ್ಲ ಕಿತ್ತುಹಾಕಿ ರಾತ್ರಿಯಿಡೀ ತಾನೇ ಕರೆದು ತಾನೇ ಲಾಗ್ ಮಾಡುವ ಆವೃತ್ತಿಗಳು ಸಿಗುತ್ತವೆ. ಬೆಳಿಗ್ಗೆ ಎದ್ದು ‘ನೂರು ಕ್ಯೂಎಸ್‌ಓ ಆಯ್ತು’ ಅನ್ನುವವರನ್ನು ನಾನೇ ನೋಡಿದ್ದೇನೆ. ಯಾರಿಗೆ ಆಯ್ತು ಸ್ವಾಮಿ? ನೀವು ಮಲಗಿದ್ದಿರಿ. ಲೈಸೆನ್ಸ್ ಕೊಟ್ಟದ್ದು ನಿಮ್ಮ ಹೆಸರಿಗೆ, ಲ್ಯಾಪ್‌ಟಾಪ್ ಹೆಸರಿಗಲ್ಲ.

ಈಗ ನನ್ನ ಬೇಡಿಕೆಗಳಿಗೆ ಬರುತ್ತೇನೆ.

ಪರೀಕ್ಷೆಗೆ ತಯಾರು ಮಾಡುವಾಗ ಓಮ್‌ನ ನಿಯಮ, ಕ್ಯೂ ಕೋಡ್, ಬ್ಯಾಂಡಿನ ಮಿತಿ ಎಲ್ಲಾ ಹೇಳಿಕೊಡುತ್ತೀರಿ. ಅದಕ್ಕೆ ನಾವು ಋಣಿ. ಅದರ ಜೊತೆ ಒಂದೇ ಒಂದು ಗಂಟೆ ಹುಡುಗರನ್ನು ನಿಜವಾದ ರಿಗ್ ಮುಂದೆ ಕೂರಿಸಿ, ಕ್ಯೂಎಸ್‌ಓ ಹೇಗೆ ಮುಗಿಯುತ್ತದೆ ಅಂತ ತೋರಿಸಿ. ಬೇಕೆಂದೇ ಒಂದು ಸಂದೇಶ ತಪ್ಪಿಹೋಗುವ ಹಾಗೆ ಮಾಡಿ. ಆಗ ಏನು ಮಾಡಬೇಕು ಅಂತ ಅವರೇ ಯೋಚಿಸಲಿ. ಈಗಿನ ಸ್ಥಿತಿಯಲ್ಲಿ ಹೊಸಬರಿಗೆ ಕರೆಯುವುದು ಗೊತ್ತು, ಹೊರಡುವುದು ಗೊತ್ತಿಲ್ಲ.

ಹಳಬರಿಗೆ ಒಂದು ಮಾತು ತಿಳಿಸಿ. ಆರ್‌ಆರ್73 ಕಳಿಸಿದ ಮೇಲೆ ಮುಂದಿನ ಸರದಿಯನ್ನು ನೋಡಬೇಕು. ಆ ಕಡೆಯಿಂದ 73 ಬಂದರೆ ಸರಿ. ಏನೂ ಬರಲಿಲ್ಲ, ಅದೂ ಹೆಚ್ಚು ಕಡಿಮೆ ಸರಿ, ಮೌನಂ ಸಮ್ಮತಿ ಲಕ್ಷಣಂ. ಆದರೆ ಅದೇ ರಿಪೋರ್ಟ್ ಮತ್ತೆ ಬಂತು ಅಂದರೆ ‘ನಿಮ್ಮ ರಸೀದಿ ನನಗೆ ಸಿಕ್ಕಿಲ್ಲ’ ಅಂತ ಆ ಕಡೆಯವರು ಕೂಗುತ್ತಿದ್ದಾರೆ ಅಂತಲೇ ಅರ್ಥ. ಆ ಸಾಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಆರ್‌ಆರ್73 ಮತ್ತೆ ಹೋಗುತ್ತದೆ. ಒಂದೇ ಸರದಿಯ ಖರ್ಚು. ಗಲಾಟೆ ಜಾಸ್ತಿ ಇರುವ ರಾತ್ರಿ, ಕ್ಷೀಣ ಸಿಗ್ನಲ್ಲಿನವರ ಜೊತೆ, ಆರ್‌ಆರ್‌ಆರ್ ಇಟ್ಟುಕೊಳ್ಳುವುದೇ ಒಳ್ಳೆಯದು. ಕ್ಲಬ್ಬಿನ ಸ್ಟೇಷನ್ನಿನಲ್ಲಿ ಮೊದಲು ಇದನ್ನು ಶುರು ಮಾಡಿ, ಉಳಿದವರು ನೋಡಿ ಕಲಿಯುತ್ತಾರೆ.

ಇದಕ್ಕೊಂದು ವಿನಾಯಿತಿ ಇದೆ, ಅದನ್ನೂ ಹೇಳಿಕೊಡಿ. ಅಪರೂಪದ ಜಾಗದ ಒಂದು ಸ್ಟೇಷನ್ (ಫಾಕ್ಸ್) ತನ್ನನ್ನು ಕರೆಯುವ ಅನೇಕರಿಗೆ (ಹೌಂಡ್) ಬೇಗ ಬೇಗ ಉತ್ತರಿಸುವ ಫಾಕ್ಸ್ ಮತ್ತು ಹೌಂಡ್ ಅನ್ನುವ ವಿಧಾನದಲ್ಲಿ ಫಾಕ್ಸ್ ಆರ್‌ಆರ್73 ಕೊಟ್ಟರೆ ಅಲ್ಲಿಗೆ ಮುಗಿಯಿತು. ನಾವು 73 ಕಳಿಸುವ ಹಾಗೇ ಇಲ್ಲ. 2018ರಲ್ಲಿ ಪೆಸಿಫಿಕ್ಕಿನ ಬೇಕರ್ ದ್ವೀಪಕ್ಕೆ ಹೋದ ತಂಡ ಇದನ್ನು ಬಳಸಿದ ಮೇಲೆ ಎಲ್ಲ ಕಡೆ ಹಬ್ಬಿತು. ಅಲ್ಲಿನ ಅವಸರವನ್ನು ಮನೆಯ 40 ಮೀಟರಿಗೆ ತಂದುಕೊಂಡದ್ದೇ ನಮ್ಮ ಅರ್ಧ ತಾಪತ್ರಯ ಅಂತ ನನ್ನ ಗುಮಾನಿ.

ಕನ್ನಡದಲ್ಲಿ ಒಂದೇ ಒಂದು ಹಾಳೆ ಮಾಡಿಸಿ. ಆರ್‌ಆರ್73ಕ್ಕೆ ಏನರ್ಥ, ಯಾವಾಗ ಲಾಗ್ ಮಾಡಬೇಕು, ಯಾವಾಗ ಬಿಡಬೇಕು. ಹಾಳೆಯ ಮೂಲೆಯಲ್ಲಿ ಹುಡುಗರಿಗೆ ಖುಷಿಯಾಗಲಿ ಅಂತ ಇದನ್ನೂ ಹಾಕಿ: ನಮ್ಮ ಎಂಕೆ72ರ ಹಾಗೆಯೇ ಆರ್‌ಆರ್73 ಕೂಡ ಭೂಪಟದ ಒಂದು ಚೌಕ. ಉತ್ತರ ಧ್ರುವದ ಕಡೆ, ಆರ್ಕ್ಟಿಕ್ ಸಾಗರದ ಮೇಲೆ. ಅಲ್ಲಿ ಯಾರೂ ಇರುವುದಿಲ್ಲ ಅನ್ನುವ ಧೈರ್ಯದ ಮೇಲೇ ಆ ಅಕ್ಷರಗಳನ್ನು ವಿದಾಯಕ್ಕೆ ಬಿಟ್ಟುಕೊಟ್ಟಿರುವುದು. ಹಾಳೆ ಬರೆಯುವ ಕೆಲಸ ನನಗೆ ಕೊಟ್ಟರೂ ಮಾಡುತ್ತೇನೆ.

ಕೊನೆಯದು. ಹೊಸಬರ ತಪ್ಪನ್ನು ಗುಂಪಿನಲ್ಲಿ ಹರಡಬೇಡಿ ಅಂತ ನಿಮ್ಮ ಸದಸ್ಯರಿಗೆ ದಯವಿಟ್ಟು ಹೇಳಿ. ಎರಡೂ ಕಡೆಯ ಲಾಗ್ ಹೊಂದಿದರೆ ಮಾತ್ರ ಎಲ್‌ಒಟಿಡಬ್ಲ್ಯು ಅನ್ನುವ ಆನ್‌ಲೈನ್ ಲಾಗ್ ಸೇವೆ ಖಾತ್ರಿ ಕೊಡುವುದು. ಆ ಹಿರಿಯರಿಗೆ ಖಾತ್ರಿ ಬರಲಿಲ್ಲ, ಸಿಟ್ಟು ಬಂತು. ಆದರೆ ಅದು ತಪ್ಪಿದ್ದು ಹುಡುಗಿ ಸೋಮಾರಿ ಅಂತಲ್ಲ. ರಸೀದಿ ಸಿಗದ ಕ್ಯೂಎಸ್‌ಓವನ್ನು ಪ್ರಾಮಾಣಿಕವಾಗಿ ಬರೆಯದೆ ಬಿಟ್ಟಳಲ್ಲ, ಅದಕ್ಕೆ. ಪದ್ಧತಿ ಗೊತ್ತಿದ್ದವಳು ಅವಳೇ.

ಆ ಮೆಸೇಜನ್ನು ಅವಳೂ ಓದಿದಳು. ಆಮೇಲೆ ಮೂರು ವಾರ ನಮ್ಮ ಮನೆ ಕಡೆ ಬರಲಿಲ್ಲ. ನಾನೇ ಹೋಗಿ ಕರೆದೆ. ಬಂದು ಕೂತು 15 ಮೀಟರ್ ತೆಗೆದು ಜಪಾನಿನ ಒಬ್ಬರನ್ನು ಕರೆದಳು. ಅವರು ಆರ್‌ಆರ್‌ಆರ್ ಕೊಟ್ಟರು. ಇವಳು 73 ಕಳಿಸಿದಳು. ಅವರೂ 73 ಅಂದರು. ಲಾಗ್ ಕಿಟಕಿ ತೆರೆದುಕೊಂಡಿತು. ಓಕೆ ಒತ್ತುವ ಮೊದಲು ಒಂದು ಸಲ ನನ್ನ ಮುಖ ನೋಡಿದಳು.

ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ. ತಲುಪಿತು ಅಂತ ಒಂದು ಸಾಲು ಬರೆದರೂ ಸಾಕು.

ಇಂತಿ,
ಸಕಲೇಶಪುರ ಕಡೆಯ ಒಬ್ಬ ಹ್ಯಾಮ್
ಎಂಕೆ72
73